ಹೆಗಲಿನ ರಜ್ಜು ಹರಿದಾಗ

ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಸಮೀಪದ ನಮ್ಮ ಬೀದಿಯಲ್ಲಿ ಮನೆಗಳಿಗೆ ಸುಣ್ಣಬಣ್ಣ ಬಳಿಯುವ ಕಸುಬಿನವರೊಬ್ಬರು ಇರುವರು. ಅವರ ವಯಸ್ಸು ಐವತ್ತೆಂಟು. ಹದಿನಾರನೆಯ ವಯಸ್ಸಿನಿಂದ ಬ್ರಷ್ಷು ಹಿಡಿದು ಪಳಗಿದ ಕೈ. ಕಳೆದ ವರ್ಷ ದಸರೆಗೆ ಮುನ್ನ, ಕೆಲಸ ಬಹಳವಾಗಿದ್ದ ದಿನಗಳಲ್ಲಿ, ಅವರು ಏಣಿಯ ಮೇಲಿಂದ ಜಾರಿದರು. ಬೀಳುವುದನ್ನು ತಪ್ಪಿಸಿಕೊಳ್ಳಲು ಬಲಗೈಯಿಂದ ಮೇಲಿನ ಮೆಟ್ಟಿಲನ್ನು ಹಿಡಿದು ಒಂದು ಕ್ಷಣ ನೇತಾಡಿದರು. ಹೆಗಲಿನೊಳಗೆ ಹಳೆಯ ಪಂಚೆ ಹರಿದಂತಾಯಿತು ಎಂದು ಅವರೇ ಆಮೇಲೆ ಹೇಳಿದರು. ಮೂರು ವಾರಗಳಲ್ಲಿ ನೋವು ಇಳಿಯಿತು. ಒಂದು ಸಂಜೆ ನನ್ನ ಮನೆಯ ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ನೋವೇನೋ ಹೋಯ್ತು, ಆದ್ರೆ ಕೈ ಮೇಲಕ್ಕೇಳ್ತಾ ಇಲ್ಲ” ಎಂದರು. ಭೌತಶಾಸ್ತ್ರವನ್ನು ಪಾಠ ಹೇಳುವವನಾದ ನಾನು, ನನಗೆ ಸಲ್ಲದ ವೈದ್ಯವನ್ನು ಕೈಗೆತ್ತಿಕೊಂಡು, “ಉಳುಕಿರಬೇಕು, ಎಣ್ಣೆ ನೀವಿಸಿಕೊಳ್ಳಿ, ತಾನಾಗಿ ಸರಿಹೋಗುತ್ತೆ” ಎಂದುಬಿಟ್ಟೆ.

ಅದು ತಾನಾಗಿ ಸರಿಹೋಗಲಿಲ್ಲ. ಎಂಟು ತಿಂಗಳ ತರುವಾಯ ಎಂ.ಆರ್.ಐ. ಚಿತ್ರವನ್ನು ನೋಡಿದ ಮೂಳೆವೈದ್ಯರು, ಹೆಗಲಿನ ಸ್ನಾಯುರಜ್ಜು ಪೂರ್ಣವಾಗಿ ಹರಿದಿದೆಯೆಂದೂ, ಬಿದ್ದ ಕೆಲವು ವಾರಗಳಲ್ಲಿಯೇ ಬಂದಿದ್ದರೆ ಮಾತು ಬೇರೆಯಾಗುತ್ತಿತ್ತೆಂದೂ ಹೇಳಿದರು. ಅವರೊಡನೆ ಹೋಗಿದ್ದ ನನಗೆ ಆ ಮಾತು ಮುಳ್ಳಿನಂತೆ ನಾಟಿತು. ಅದರೊಡನೆ ಒಂದು ಪ್ರಶ್ನೆಯೂ ಎದ್ದಿತು. ಬಾವಿಯ ಹಗ್ಗ ಇಂದು ಹರಿದರೂ ಹಗ್ಗವೇ, ಎಂಟು ತಿಂಗಳ ಹಿಂದೆ ಹರಿದಿದ್ದರೂ ಹಗ್ಗವೇ. ಎರಡು ತುದಿಗಳನ್ನು ತಂದು ಗಂಟುಹಾಕಿದರೆ ನೀರು ಸೇದಬಹುದು. ಹೆಗಲಿನ ಹಗ್ಗಕ್ಕೆ ಮಾತ್ರ ಕಾಲದ ಈ ಕಟ್ಟುಪಾಡೇಕೆ? ಈ ಪ್ರಶ್ನೆಗೆ ಇಂದಿನ ವಿಜ್ಞಾನ ಕೊಡುವ ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಣತೆಯ ಮೇಲಿನ ಕಿತ್ತಳೆ

ನಮ್ಮ ದೇಹದ ಕೀಲುಗಳಲ್ಲೆಲ್ಲ ಹೆಗಲಿನ ಕೀಲೇ ಅತ್ಯಂತ ಸ್ವತಂತ್ರವಾದುದು. ಕೈಯನ್ನು ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ ಎತ್ತಬಹುದು. ಬೆನ್ನಿನ ಹಿಂದೆ ತಿರುಗಿಸಬಹುದು. ಈ ಸ್ವಾತಂತ್ರ್ಯಕ್ಕಾಗಿ ಪ್ರಕೃತಿ ಕೀಲಿನ ಭದ್ರತೆಯನ್ನು ತಕ್ಕಮಟ್ಟಿಗೆ ಬಿಟ್ಟುಕೊಟ್ಟಿದೆ. ತೋಳಮೂಳೆಯ ಮೇಲ್ತುದಿ ದೊಡ್ಡ ಗುಂಡಿನಂತಿದೆ. ಅದು ಕುಳಿತಿರುವ ಹೆಗಲಮೂಳೆಯ ಗುಳಿಯಾದರೋ ಚಿಕ್ಕದು, ಆಳವಿಲ್ಲದ್ದು. ಚಿಕ್ಕ ಹಣತೆಯ ಮೇಲೆ ದೊಡ್ಡ ಕಿತ್ತಳೆಹಣ್ಣನ್ನು ಕೂರಿಸಿದರೆ ಹೇಗಿರುವುದೋ ಹಾಗೆ. ಆ ಹಣ್ಣು ಉರುಳದಂತೆ ಸದಾ ಅದುಮಿ ಹಿಡಿಯುವ ಕೆಲಸ ನಾಲ್ಕು ಸ್ನಾಯುಗಳದು. ಹೆಗಲಮೂಳೆಯಿಂದ ಹೊರಟ ಈ ನಾಲ್ಕರ ತುದಿಗಳೂ ಚಪ್ಪಟೆಯಾದ ಬಿಳಿಯ ರಜ್ಜುಗಳಾಗಿ ಮಾರ್ಪಟ್ಟು, ಒಂದರೊಡನೊಂದು ಬೆರೆತು, ಅಂಗಿಯ ತೋಳಿನ ಪಟ್ಟಿ ಮಣಿಕಟ್ಟನ್ನು ಸುತ್ತುವಂತೆ ತೋಳಮೂಳೆಯ ಗುಂಡನ್ನು ಸುತ್ತಿ ಅಂಟಿಕೊಂಡಿವೆ. ವೈದ್ಯರು ಇದನ್ನು ರೊಟೇಟರ್ ಕಫ್ ಎನ್ನುವರು. ಇಲ್ಲಿ ನಾವು ತಿರುಗುಪಟ್ಟಿ ಎಂದು ಕರೆಯೋಣ.

ಈ ನಾಲ್ಕರಲ್ಲಿ ಹೆಚ್ಚಾಗಿ ಹರಿಯುವುದು ಮೇಲ್ಭಾಗದ್ದು. ಹೆಗಲಮೂಳೆಯ ಹಿಂಬದಿಯಲ್ಲಿ ಕೈಯಿಂದ ಮುಟ್ಟಿದರೆ ಸಿಕ್ಕುವ ಏಣೊಂದಿದೆ. ಅದರ ಮೇಲುಗಡೆಯ ತಗ್ಗಿನಲ್ಲಿ ಹುಟ್ಟುವುದರಿಂದ ಇದಕ್ಕೆ ಸುಪ್ರಾಸ್ಪೈನೇಟಸ್ ಎಂಬ ಹೆಸರು. ಮೇಲೇಣಿನ ಸ್ನಾಯು ಎಂದರೆ ಅರ್ಥ ಸರಿಹೋಗುತ್ತದೆ. ಇದರ ರಜ್ಜು ಭುಜದ ತುದಿಯ ಎಲುಬಿನ ಕೆಳಗಿನ ಇಕ್ಕಟ್ಟಾದ ಸಂದಿಯಲ್ಲಿ ಹಾಯ್ದು ತೋಳಮೂಳೆಯ ಗುಂಡಿನ ಮೇಲ್ಗಡೆ ಬಂದು ಸೇರುತ್ತದೆ.

ಸನ್ನೆಯ ಲೆಕ್ಕ

ಈ ರಜ್ಜು ಹೊರುವ ಹೊರೆಯನ್ನು ಅರಿಯಲು ಪ್ರೌಢಶಾಲೆಯ ಸನ್ನೆಯ ಪಾಠವೇ ಸಾಕು. ಅರುವತ್ತು ಕಿಲೋಗ್ರಾಂ ತೂಗುವ ಮನುಷ್ಯನ ಒಂದು ಕೈಯ ತೂಕ ಸುಮಾರು 3 ಕಿಲೋಗ್ರಾಂ. ಕೈಯನ್ನು ಪಕ್ಕಕ್ಕೆ ನೇರವಾಗಿ ಚಾಚಿದಾಗ ಆ ತೂಕವೆಲ್ಲವೂ ಹೆಗಲಿನಿಂದ ಸುಮಾರು 30 ಸೆಂಟಿಮೀಟರ್ ದೂರದ ಒಂದು ಬಿಂದುವಿನಲ್ಲಿ ಕೆಳಕ್ಕೆ ಎಳೆಯುವುದೆಂದು ಭಾವಿಸಬಹುದು. ಅದನ್ನು ಎತ್ತಿಹಿಡಿಯುವ ಸ್ನಾಯುಗಳಾದರೋ ಕೀಲಿನ ನಡುವಿನಿಂದ ಸುಮಾರು 3 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತವೆ. ದೂರ ಹತ್ತರಲ್ಲೊಂದು ಭಾಗವಾದುದರಿಂದ ಬಲ ಹತ್ತರಷ್ಟಾಗಬೇಕು. ಎಂದರೆ 30 ಕಿಲೋಗ್ರಾಂ ತೂಕದಷ್ಟು. ಅಂಗೈಯಲ್ಲಿ ಬಣ್ಣ ಮೆತ್ತಿದ ಅರ್ಧ ಕಿಲೋಗ್ರಾಮಿನ ಬ್ರಷ್ಷೊಂದನ್ನು ಹಿಡಿದರೆ, ಅದು 60 ಸೆಂಟಿಮೀಟರ್ ದೂರದಲ್ಲಿರುವ ಕಾರಣ, ಇನ್ನೂ 10 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಕಪ್ಪುಹಲಗೆಯ ಮೇಲೆ ಬರೆಯುವ ಉಪಾಧ್ಯಾಯನೂ, ಗೋಡೆಗೆ ಬಣ್ಣ ಹಚ್ಚುವ ಕಸುಬಿಯೂ ಅರಿಯದೆಯೇ ಈ ಲೆಕ್ಕವನ್ನು ದಿನಕ್ಕೆ ಸಾವಿರ ಸಾರಿ ತೀರಿಸುತ್ತಿರುವರು.

ಈ ಹೊರೆಯ ಬಹುಪಾಲನ್ನು ಹೆಗಲಿನ ಹೊರಮೈಯನ್ನು ಮುಚ್ಚಿರುವ ತ್ರಿಕೋನಾಕಾರದ ಡೆಲ್ಟಾಯ್ಡ್ ಸ್ನಾಯು ಹೊರುತ್ತದೆ. ಆದರೆ ಡೆಲ್ಟಾಯ್ಡ್ ಒಂದೇ ಎಳೆದರೆ ತೋಳಮೂಳೆಯ ಗುಂಡು ಹಣತೆಯಿಂದ ಮೇಲಕ್ಕೆ ಜಾರುತ್ತದೆಯೇ ಹೊರತು ಕೈ ಮೇಲೇಳುವುದಿಲ್ಲ. ತಿರುಗುಪಟ್ಟಿ ಗುಂಡನ್ನು ಗುಳಿಗೆ ಒತ್ತಿ ಹಿಡಿದಾಗಲೇ ಸನ್ನೆಗೆ ಆಧಾರಬಿಂದು ದೊರೆಯುವುದು. ಆಧಾರಬಿಂದು ತಪ್ಪಿದ ಸನ್ನೆ ಎಷ್ಟು ಬಲವಿದ್ದರೂ ನಿಷ್ಪ್ರಯೋಜಕ. ನಮ್ಮ ನೆರೆಯವರ ನೋವು ಹೋದರೂ ಕೈ ಏಳದಿದ್ದುದು ಈ ಕಾರಣದಿಂದ.

ಮದರಾಸಿನಲ್ಲಿ ಬಿಡಿಸಿದ ಹುರಿ

ರಜ್ಜು ಎಂಬುದು ಎಂಥ ಹುರಿ? ಇದಕ್ಕೆ ಉತ್ತರ ಕೊಟ್ಟವರಲ್ಲಿ ಅಗ್ರಗಣ್ಯರು ನಮ್ಮ ದೇಶದ ಭೌತಶಾಸ್ತ್ರಜ್ಞರೊಬ್ಬರು. ಜಿ. ಎನ್. ರಾಮಚಂದ್ರನ್ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ವಿದ್ಯಾರ್ಥಿಯಾಗಿ ಬಂದು, ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದವರು. 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಮೇಲೆ ಅವರು ಕೊಲಾಜನ್ ಎಂಬ ಪ್ರೋಟೀನಿನ ರಚನೆಯನ್ನು ಕೈಗೆತ್ತಿಕೊಂಡರು. ಕಾಂಗರೂವಿನ ಬಾಲದ ರಜ್ಜುವಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಮೂಡಿದ ಚಿತ್ರಗಳನ್ನು ಅಭ್ಯಸಿಸಿ, ಸಹೋದ್ಯೋಗಿ ಗೋಪಿನಾಥ ಕರ್ತಾ ಅವರೊಡನೆ 1954ರಲ್ಲಿ ಆ ಅಣು ಮೂರೆಳೆಯ ಹುರಿಯೆಂದು ತೋರಿಸಿದರು. ಮರುವರ್ಷ ಆ ಮಾದರಿಯನ್ನು ಇನ್ನಷ್ಟು ತಿದ್ದಿದರು. 1970ರ ದಶಕದ ಆದಿಯಲ್ಲಿ ಬೆಂಗಳೂರಿಗೆ ಹಿಂತಿರುಗಿ, ವಿಜ್ಞಾನ ಮಂದಿರದಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಕೊಲಾಜನ್ ಅಣುವಿನ ಉದ್ದ 300 ನ್ಯಾನೊಮೀಟರ್, ದಪ್ಪ ಕೇವಲ ಒಂದೂವರೆ ನ್ಯಾನೊಮೀಟರ್. ಒಂದೂವರೆ ಸೆಂಟಿಮೀಟರ್ ದಪ್ಪದ ಹಗ್ಗವನ್ನು ಮೂರು ಮೀಟರ್ ಉದ್ದಕ್ಕೆ ಚಾಚಿದರೆ ಬರುವ ಪ್ರಮಾಣವೇ ಅದು. ಒಂದೊಂದು ಎಳೆಯಲ್ಲಿಯೂ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವಿದೆ. ಮೂರೆಳೆಗಳು ಸೇರುವ ನಡುವಿನ ಇಕ್ಕಟ್ಟಿನಲ್ಲಿ ಅದಕ್ಕಿಂತ ದೊಡ್ಡದಕ್ಕೆ ಎಡೆಯಿಲ್ಲ. ಇಂಥ ಹುರಿಗಳು ಪಕ್ಕಪಕ್ಕದಲ್ಲಿ ಜೋಡಿಕೊಂಡು ಎಳೆಯಾಗುತ್ತವೆ, ಎಳೆಗಳು ಕಂತೆಯಾಗುತ್ತವೆ, ಕಂತೆಗಳು ಸೇರಿ ರಜ್ಜುವಾಗುತ್ತದೆ. ನೀರನ್ನು ಕಳೆದರೆ ಉಳಿಯುವ ತೂಕದ ಬಹುಪಾಲು ಕೊಲಾಜನ್ನೇ. ಅದರಲ್ಲಿಯೂ ಮೊದಲನೆಯ ಬಗೆ ಎಂದು ಹೆಸರಿಸಿರುವ ಗಟ್ಟಿ ಕೊಲಾಜನ್. ಆರೋಗ್ಯವಾದ ರಜ್ಜುವಿನ ಒಂದು ಚದರ ಮಿಲಿಮೀಟರ್ ಸಾಮಾನ್ಯವಾಗಿ 5ರಿಂದ 10 ಕಿಲೋಗ್ರಾಂ ತೂಕವನ್ನು ತಡೆಯಬಲ್ಲುದು. ಎಳೆಗಳು ಸಡಿಲವಾಗಿರುವಾಗ ಸಣ್ಣ ಅಲೆಗಳಂತೆ ಸುಕ್ಕಾಗಿರುತ್ತವೆ. ಎಳೆದಾಗ ಮೊದಲು ಆ ಸುಕ್ಕು ಬಿಡುತ್ತದೆ. ಉದ್ದದ ನೂರಕ್ಕೆ ನಾಲ್ಕರಷ್ಟನ್ನು ಮೀರಿ ಎಳೆದರೆ ಒಳಗೆ ಸೂಕ್ಷ್ಮವಾದ ಎಳೆಗಳು ಕಡಿಯತೊಡಗುತ್ತವೆ. ಎಂಟು ಹತ್ತರ ಹೊತ್ತಿಗೆ ರಜ್ಜುವೇ ಹರಿಯುತ್ತದೆ.

ರಜ್ಜು ಮೂಳೆಗೆ ಸೇರುವ ಸ್ಥಳ ಇನ್ನೂ ಅದ್ಭುತವಾದುದು. ಮೂಳೆ ರಜ್ಜುವಿಗಿಂತ ನೂರರಷ್ಟು ಬಿರುಸು. ಇಷ್ಟು ಭಿನ್ನವಾದ ಎರಡು ವಸ್ತುಗಳನ್ನು ನೇರವಾಗಿ ಅಂಟಿಸಿದರೆ ಬೆಸುಗೆಯಲ್ಲಿಯೇ ಬಿರುಕು ಬಿಡುವುದೆಂಬುದು ಎಂಜಿನಿಯರುಗಳಿಗೆ ತಿಳಿದ ವಿಷಯ. ಪ್ರಕೃತಿ ಈ ತೊಡಕನ್ನು ನಾಲ್ಕು ಮೆಟ್ಟಿಲುಗಳಿಂದ ಬಿಡಿಸಿದೆ: ಮೊದಲು ರಜ್ಜು, ಬಳಿಕ ನಾರುಗೂಡಿದ ಮೃದ್ವಸ್ಥಿ, ಅನಂತರ ಸುಣ್ಣಗಟ್ಟಿದ ಮೃದ್ವಸ್ಥಿ, ಕೊನೆಗೆ ಮೂಳೆ. ಮೆತುವಿನಿಂದ ಬಿರುಸಿಗೆ ಮೆಲ್ಲಮೆಲ್ಲನೆ ಏರುವ ಈ ಸೋಪಾನವನ್ನು ಮುಂದೆ ನಾವು ಮತ್ತೆ ನೆನೆಯಬೇಕಾಗುವುದು.

ಬಾಂಬುಗಳು ತಿಳಿಸಿದ ವಯಸ್ಸು

ರಕ್ತ, ಚರ್ಮ ಮುಂತಾದುವು ಜೀವಮಾನವೆಲ್ಲ ಹೊಸದಾಗುತ್ತಿರುವುವು. ರಜ್ಜುವೂ ಹಾಗೆಯೇ ಇರಬಹುದೇ? ಇದನ್ನು ಅಳೆಯಲು ವಿಚಿತ್ರವಾದ ಗಡಿಯಾರವೊಂದು ದೊರೆಯಿತು. 1950ರ ದಶಕದಲ್ಲಿಯೂ 1960ರ ದಶಕದ ಆದಿಯಲ್ಲಿಯೂ ಬಯಲಿನಲ್ಲಿ ನಡೆದ ಪರಮಾಣು ಬಾಂಬುಗಳ ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು; 1963ರ ಒಪ್ಪಂದದ ತರುವಾಯ ಅದು ವರ್ಷವರ್ಷವೂ ಇಳಿಯತೊಡಗಿತು. ಆ ಕಾಲದ ಗಾಳಿಯಿಂದ ಬೆಳೆದ ಬೆಳೆಯನ್ನು ಉಂಡು ಬೆಳೆದ ದೇಹದಲ್ಲಿ ಆಯಾ ವರ್ಷದ ಮುದ್ರೆ ಬಿದ್ದಿದೆ. ಡೆನ್ಮಾರ್ಕಿನ ವಿಜ್ಞಾನಿಗಳು ಈ ಮುದ್ರೆಯನ್ನು ಓದಿ, ಹಿಮ್ಮಡಿಯ ರಜ್ಜುವಿನ ಒಡಲು ಸುಮಾರು ಹದಿನೇಳನೆಯ ವಯಸ್ಸಿನೊಳಗೆ ಕಟ್ಟಿ ಮುಗಿದು, ಆಮೇಲೆ ಬಹುಮಟ್ಟಿಗೆ ಹೊಸದಾಗುವುದೇ ಇಲ್ಲವೆಂದು 2013ರಲ್ಲಿ ಪ್ರಕಟಿಸಿದರು.

ಹೆಗಲಿನ ರಜ್ಜುವಿನ ಕಥೆ ಸ್ವಲ್ಪ ಬೇರೆ. ಅದರ ಕೊಲಾಜನ್ನಿನಲ್ಲಿ ಹಳಮೆಯ ಗುರುತುಗಳು ನಿರೀಕ್ಷಿಸಿದುದಕ್ಕಿಂತ ಕಡಿಮೆ. ಎಂದರೆ ಅಲ್ಲಿ ಕಟ್ಟುವ ಕೆಡಹುವ ಕೆಲಸ ಹೆಚ್ಚಾಗಿ ನಡೆದಿದೆ. ಇದು ಶುಭಲಕ್ಷಣವಲ್ಲ. ಸುಖವಾಗಿರುವ ಗೋಡೆಯನ್ನು ಯಾರೂ ಪದೇಪದೇ ಕೆಡವಿ ಕಟ್ಟುವುದಿಲ್ಲ. ವರ್ಷಗಟ್ಟಲೆ ಸಣ್ಣ ಸಣ್ಣ ಎಳೆಗಳು ಕಡಿದು, ಅವನ್ನು ಜೀವಕಣಗಳು ತೇಪೆಹಾಕುತ್ತ ಬಂದಿರುವುದರ ಕುರುಹು ಅದು. ಹಾಗೆ ತೇಪೆಯಾಗಿ ಬರುವುದು ಬಹುವಾಗಿ ಮೂರನೆಯ ಬಗೆಯ ಕೊಲಾಜನ್. ಅದರ ಎಳೆಗಳು ತೆಳುವು, ಜೋಡಣೆ ಅಡ್ಡಾದಿಡ್ಡಿ. ಹೀಗೆ ವಯಸ್ಸಾದವರ ಹೆಗಲಿನಲ್ಲಿ ಹರಕು ಒಂದು ದಿನದ ಅಪಘಾತವಲ್ಲ. ಬಹುಕಾಲದ ಸವೆತದ ಕೊನೆಯ ಅಂಕ. ಜಪಾನಿನ ಹಳ್ಳಿಯೊಂದರಲ್ಲಿ 683 ಜನರ ಹೆಗಲುಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಂತೆ, ಐದು ಹೆಗಲುಗಳಲ್ಲಿ ಒಂದರಲ್ಲಿ ಪೂರ್ಣ ಹರಕು ಇತ್ತು; ಅವುಗಳಲ್ಲಿ ಅನೇಕಕ್ಕೆ ನೋವೇ ಇರಲಿಲ್ಲ. ವಯಸ್ಸು, ಹಿಂದೆ ಆದ ಪೆಟ್ಟು, ಹೆಚ್ಚಾಗಿ ಬಳಸುವ ಕೈ, ಇವೇ ಅಲ್ಲಿ ಕಂಡುಬಂದ ಮುಖ್ಯ ಕಾರಣಗಳು.

ಒಮ್ಮೆ ಅಂಚು ಬಿಟ್ಟರೆ ಹರಕು ಬೆಳೆಯುವುದೂ ಸುಲಭ. ಬಟ್ಟೆಯಂಗಡಿಯವನು ಕತ್ತರಿಯಿಂದ ಅಂಚಿನಲ್ಲಿ ಒಂದಿಷ್ಟು ಕತ್ತರಿಸಿ, ಉಳಿದುದನ್ನು ಕೈಯಿಂದಲೇ ಸರ್ರನೆ ಹರಿಯುವುದನ್ನು ವಾಚಕರು ನೋಡಿರಬಹುದು. ಎಳೆತವೆಲ್ಲ ಬಿರುಕಿನ ತುದಿಯಲ್ಲಿ ಒಟ್ಟುಗೂಡುವುದೇ ಇದರ ರಹಸ್ಯ. ನೋವಿಲ್ಲದ ಪೂರ್ಣ ಹರಕುಗಳನ್ನು ಹಲವು ವರ್ಷ ಗಮನಿಸಿದಾಗ ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದೊಡ್ಡವಾಗಿರುವುದು ಕಂಡುಬಂದಿದೆ.

ಎಳೆತ ತಪ್ಪಿದ ಜೀವಕಣ

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಬಾವಿಯ ಹಗ್ಗಕ್ಕೂ ಹೆಗಲಿನ ಹಗ್ಗಕ್ಕೂ ಇರುವ ಮುಖ್ಯ ಭೇದವೆಂದರೆ ಎರಡನೆಯದರಲ್ಲಿ ಜೀವವಿದೆ. ಕೊಲಾಜನ್ ಎಳೆಗಳ ನಡುವೆ, ಕದಿರಿನಂತೆ ನೀಳವಾದ ಜೀವಕಣಗಳು ಸಾಲುಸಾಲಾಗಿ ಅಡಗಿವೆ. ಎಳೆಗಳನ್ನು ನೂಲುವುವೂ ಅವೇ, ಕೆಟ್ಟ ಎಳೆಗಳನ್ನು ಕರಗಿಸುವುವೂ ಅವೇ. ತಮ್ಮ ಮೇಲಿನ ಎಳೆತವನ್ನು ಅವು ಅರಿಯಬಲ್ಲುವು. ಎಷ್ಟು ನೂಲಬೇಕು, ಎಷ್ಟು ಕರಗಿಸಬೇಕು ಎಂಬುದನ್ನು ಆ ಎಳೆತವೇ ನಿರ್ಧರಿಸುತ್ತದೆ. ಅಮೆರಿಕದ ಮಿಚಿಗನ್ ರಾಜ್ಯದಲ್ಲಿ ಇಲಿಯ ಬಾಲದ ರಜ್ಜುಗಳನ್ನು ತೆಗೆದು ದ್ರವದಲ್ಲಿ ಬೆಳೆಸಿ ನಡೆಸಿದ ಪ್ರಯೋಗಗಳಲ್ಲಿ, ಎಳೆತವನ್ನು ತಪ್ಪಿಸಿದ ಒಂದು ದಿನದೊಳಗಾಗಿ ಜೀವಕಣಗಳು ಕೊಲಾಜನ್ನನ್ನು ಕಡಿಯುವ ಕಿಣ್ವವನ್ನು ತಯಾರಿಸತೊಡಗಿದುವು; ಹದವಾಗಿ ಎಳೆದು ಬಿಡುತ್ತಿದ್ದ ರಜ್ಜುಗಳಲ್ಲಿ ಆ ಕಿಣ್ವ ಅಡಗಿತು. ಕೆಲಸವಿಲ್ಲದ ಕಾವಲುಗಾರ ಕಾಯಬೇಕಾದ ಮನೆಯನ್ನೇ ಕಿತ್ತು ತಿನ್ನುವಂತಾಯಿತು.

ಹರಿದ ರಜ್ಜುವಿನಲ್ಲಿ ಇದೇ ನಡೆಯುವುದು. ಮೊದಲ ದಿನಗಳಲ್ಲಿ ದೇಹ ಕೈಕಟ್ಟಿ ಕೂರುವುದಿಲ್ಲ. ಹರಕು ಚಿಕ್ಕದಾಗಿರುವಾಗ ಅಂಚಿನಲ್ಲಿ ಉರಿಯೂತವೇಳುತ್ತದೆ, ಹೊಸ ರಕ್ತನಾಳಗಳು ಚಿಗುರುತ್ತವೆ, ಜೀವಕಣಗಳ ಸಂಖ್ಯೆ ಹೆಚ್ಚುತ್ತದೆ. ಎಂದರೆ ದುರಸ್ತಿಯ ಪ್ರಯತ್ನ ನಡೆದಿದೆ. ಆದರೆ ಬೆರಳು ಕೊಯ್ದರೆ ಹೆಪ್ಪುಗಟ್ಟಿದ ರಕ್ತ ಎರಡು ಅಂಚುಗಳ ನಡುವೆ ಸೇತುವೆಯಾಗುವಂತೆ ಇಲ್ಲಿ ಆಗುವುದಿಲ್ಲ. ಕೀಲಿನ ದ್ರವ ಆ ಹೆಪ್ಪನ್ನು ತೊಳೆದುಬಿಡುತ್ತದೆ. ಸ್ನಾಯು ಒಂದು ಅಂಚನ್ನು ದೂರಕ್ಕೆ ಸೆಳೆದುಕೊಳ್ಳುತ್ತದೆ. 2006ರಲ್ಲಿ ಇಂಗ್ಲೆಂಡಿನಲ್ಲಿ ಬೇರೆಬೇರೆ ಅಳತೆಯ ಹರಕುಗಳ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಹರಕು ದೊಡ್ಡದಾದಷ್ಟೂ ಜೀವಕಣಗಳೂ ರಕ್ತನಾಳಗಳೂ ವಿರಳವಾಗಿದ್ದುವು. ದುರಸ್ತಿಗೆ ಬಂದ ಕೆಲಸಗಾರರು ಸೋತು ಹಿಂದಿರುಗಿದಂತೆ.

ಉಳಿದ ಜೀವಕಣಗಳ ಸ್ವಭಾವವೂ ಮಾರ್ಪಡುತ್ತದೆ. ನೀಳವಾಗಿದ್ದುವು ದುಂಡಗಾಗುತ್ತವೆ, ರಜ್ಜುವಿನ ಎಳೆಯನ್ನು ನೂಲುವ ಬದಲು ಮೃದ್ವಸ್ಥಿಯ ಜೀವಕಣಗಳಂತೆ ನೀರು ಹೀರುವ ಲೋಳೆಯಂಥ ವಸ್ತುವನ್ನು ಸ್ರವಿಸುತ್ತವೆ. ಆಮ್ಲಜನಕದ ಕೊರತೆಯಿಂದ ಅನೇಕವು ತಾವಾಗಿಯೇ ಸಾಯುತ್ತವೆ. ಮೊದಲನೆಯ ಬಗೆಯ ಕೊಲಾಜನ್ ಕುಗ್ಗಿ ಮೂರನೆಯ ಬಗೆ ಹೆಚ್ಚುತ್ತದೆ. ಎಳೆಗಳ ಸಾಲು ಕೆಡುತ್ತದೆ. ಹೊಸ ಹಗ್ಗದ ಬಿಗಿಯಿದ್ದಲ್ಲಿ ನೆನೆದ ನಾರಿನ ಸಡಿಲ ಬರುತ್ತದೆ. ಇಂಥ ಅಂಚಿನಲ್ಲಿ ಹೊಲಿಗೆ ಹಾಕಿದರೆ ದಾರ ಗಟ್ಟಿಯಾಗಿದ್ದರೂ ಬಟ್ಟೆ ಕಿತ್ತುಬರುವ ಭಯವುಂಟು.

ಸ್ನಾಯುವಿನೊಳಗೆ ಮೇದಸ್ಸು

ಕೇಡು ರಜ್ಜುವಿನಲ್ಲಿಯೇ ನಿಲ್ಲುವುದಿಲ್ಲ. ರಜ್ಜು ಹರಿದ ಸ್ನಾಯು ಕೆಲಸ ತಪ್ಪಿ ಸೊರಗುತ್ತದೆ, ಕುಗ್ಗುತ್ತದೆ. ಅದಕ್ಕಿಂತಲೂ ಹೆಚ್ಚಿನ ಹಾನಿ ಅದರೊಳಗೆ ಮೇದಸ್ಸು ತುಂಬಿಕೊಳ್ಳುವುದು. 1994ರಲ್ಲಿ ಫ್ರಾನ್ಸಿನ ಗುಟಾಲಿಯೇ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ ಸ್ನಾಯುವಿನೊಳಗಿನ ಮೇದಸ್ಸನ್ನು ಸೊನ್ನೆಯಿಂದ ನಾಲ್ಕರವರೆಗೆ ಐದು ದರ್ಜೆಗಳಾಗಿ ವಿಂಗಡಿಸಿದರು. ಮೂರನೆಯ ದರ್ಜೆಯಲ್ಲಿ ಸ್ನಾಯುವೂ ಮೇದಸ್ಸೂ ಸಮಪಾಲು. ನಾಲ್ಕರಲ್ಲಿ ಮೇದಸ್ಸೇ ಹೆಚ್ಚು. ಇಂದಿಗೂ ವೈದ್ಯರು ಎಂ.ಆರ್.ಐ. ಚಿತ್ರ ನೋಡುವಾಗ ಈ ದರ್ಜೆಗಳನ್ನೇ ಬಳಸುವರು.

ಮೇದಸ್ಸು ಅಲ್ಲಿಗೆ ಏಕೆ ಬರುವುದು? ಸ್ವಿಟ್ಜರ್ಲೆಂಡಿನ ವೈದ್ಯರು ಕುರಿಗಳ ಮೇಲೆ ನಡೆಸಿದ ಪ್ರಯೋಗಗಳು ರೇಖಾಗಣಿತದ ಉತ್ತರವೊಂದನ್ನು ಕೊಟ್ಟಿವೆ. ಹಕ್ಕಿಯ ಗರಿಯಲ್ಲಿ ನಡುದಂಟಿಗೆ ಎಳೆಗಳು ಓರೆಯಾಗಿ ಸೇರುವಂತೆ ಸ್ನಾಯುವಿನ ಎಳೆಗಳು ರಜ್ಜುವಿಗೆ ಓರೆಯಾಗಿ ಸೇರಿರುವುವು. ರಜ್ಜು ಕಿತ್ತು ಹಿಂದೆ ಸರಿದಾಗ ಎಳೆಗಳ ಓರೆ ಹೆಚ್ಚುತ್ತದೆ. ಒತ್ತಾಗಿದ್ದ ಎಳೆಗಳ ನಡುವೆ ತೆರಪು ಬೀಳುತ್ತದೆ. ಆ ತೆರಪನ್ನು ಮೇದಸ್ಸೂ ನಾರೂ ತುಂಬಿಕೊಳ್ಳುತ್ತವೆ. ಸ್ನಾಯುವಿನೊಳಗೆ ಸುಪ್ತವಾಗಿರುವ ಒಂದು ಬಗೆಯ ಮೂಲ ಜೀವಕಣಗಳು ಸಮಯ ನೋಡಿ ಮೇದಸ್ಸಿನ ಕಣಗಳಾಗಿ ಮಾರ್ಪಡುವುದೂ ತಿಳಿದುಬಂದಿದೆ. ಈ ಬದಲಾವಣೆ ಒಂದು ಮಿತಿಯನ್ನು ಮೀರಿದ ಮೇಲೆ, ರಜ್ಜುವನ್ನು ಯಶಸ್ವಿಯಾಗಿ ಹೊಲಿದರೂ ಮೇದಸ್ಸು ಹಿಂದಿರುಗಿ ಸ್ನಾಯುವಾಗುವುದು ಅಪರೂಪ. ಎಂಟು ತಿಂಗಳ ಹಿಂದಿನ ಹಗ್ಗ ಇಂದಿನ ಹಗ್ಗವಲ್ಲವೆಂಬುದರ ಅರ್ಥ ಇದೇ: ಹಗ್ಗದ ನಾರು ಬೇರೆಯಾಗಿದೆ, ಅದನ್ನು ಎಳೆಯುತ್ತಿದ್ದ ಕೈಯೂ ಬೇರೆಯಾಗಿದೆ.

ಹೊಲಿದರೆ ಕೂಡುವುದೇ?

ಹರಿದ ರಜ್ಜುವನ್ನು ಮೂಳೆಗೆ ಹೊಲಿಯುವ ವಿದ್ಯೆ ಹೊಸದಲ್ಲ. ಅಮೆರಿಕದ ಬಾಸ್ಟನ್ ನಗರದ ಕಾಡ್‌ಮನ್ ಎಂಬ ವೈದ್ಯರು 1909ರಲ್ಲಿಯೇ ಅದನ್ನು ಮಾಡಿದರು. ಹೆಗಲನ್ನೇ ಕುರಿತ ಅವರ ದೊಡ್ಡ ಗ್ರಂಥ 1934ರಲ್ಲಿ ಹೊರಬಂದಿತು. ಈಗ ಚಿಕ್ಕ ರಂಧ್ರಗಳ ಮೂಲಕ ದೂರದರ್ಶಕದಂಥ ನಳಿಗೆಯನ್ನು ತೂರಿಸಿ, ಮೂಳೆಯಲ್ಲಿ ಪುಟ್ಟ ಗೂಟಗಳನ್ನು ನೆಟ್ಟು ಹೊಲಿಯುವರು. ಹೊಲಿದ ಮೇಲೆ ಮೊದಲ ದಿನಗಳಲ್ಲಿ ಉರಿಯೂತ, ವಾರಗಳಲ್ಲಿ ಹೊಸ ನಾರಿನ ಬೆಳವಣಿಗೆ, ತಿಂಗಳುಗಳಲ್ಲಿ ಅದರ ಜೋಡಣೆ ನಡೆಯುತ್ತದೆ. ಅದಕ್ಕಾಗಿಯೇ ಸುಮಾರು ಆರು ವಾರ ಕೈಯನ್ನು ಜೋಲಿಯಲ್ಲಿಡುವುದು. ಭಾರದ ಕೆಲಸಕ್ಕೆ ಆರು ತಿಂಗಳಾದರೂ ಬೇಕು. ಆದರೆ ನಾವು ಮುಂಚೆ ಹೇಳಿದ ನಾಲ್ಕು ಮೆಟ್ಟಿಲುಗಳ ಸೋಪಾನ ಮತ್ತೆ ಮೂಡುವುದಿಲ್ಲ. ಅದರ ಸ್ಥಾನದಲ್ಲಿ ಗಾಯದ ಕಲೆಯ ನಾರು ಬೆಳೆದು ಮೂಳೆಯನ್ನು ಹಿಡಿದುಕೊಳ್ಳುತ್ತದೆ. ಹರಕು ಚಿಕ್ಕದಾಗಿ, ಸ್ನಾಯು ಚೆನ್ನಾಗಿದ್ದರೆ ಈ ಬೆಸುಗೆ ಬಹುಪಾಲು ಜನರಲ್ಲಿ ನಿಲ್ಲುತ್ತದೆ. ಹರಕು ದೊಡ್ಡದಾಗಿ, ಮೇದಸ್ಸು ತುಂಬಿ, ವಯಸ್ಸೂ ಆಗಿದ್ದರೆ ಮತ್ತೆ ಹರಿಯುವ ಸಂಭವ ಬಹಳ. ಸಿಹಿಮೂತ್ರ ರೋಗವೂ ಬೀಡಿ ಸಿಗರೇಟಿನ ಚಟವೂ ಬೆಸುಗೆಯ ಶತ್ರುಗಳು.

ಕಾಲಕ್ಕೆ ಸರಿಯಾಗಿ ಚಿಕಿತ್ಸೆ ದೊರೆತರೆ ಏನಾಗಬಲ್ಲುದೆಂಬುದಕ್ಕೆ ಕನ್ನಡಿಗರಿಗೆ ಪರಿಚಿತವಾದ ಉದಾಹರಣೆಗಳಿವೆ. ಮೈಸೂರಿನ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಅವರು 1997ರಲ್ಲಿ ತಿರುಗುಪಟ್ಟಿಯ ಗಾಯದಿಂದ ವೆಸ್ಟ್ ಇಂಡೀಸ್ ಎದುರಿನ ಟೆಸ್ಟ್ ಸರಣಿಯನ್ನು ಕಳೆದುಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. ಆಗ ಅವರಿಗೆ ಇಪ್ಪತ್ತೇಳು. ಮತ್ತೆ ಚೆಂಡು ಹಿಡಿದು, 1999ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದೆದುರು ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು. 2003ರವರೆಗೂ ದೇಶಕ್ಕಾಗಿ ಆಡಿದರು. ಬೆಂಗಳೂರಿನ ಅನಿಲ್ ಕುಂಬ್ಳೆ ಅವರೂ 2001ರ ಆದಿಯಲ್ಲಿ ಹೆಗಲಿನ ಶಸ್ತ್ರಚಿಕಿತ್ಸೆಗಾಗಿ ಆಸ್ಟ್ರೇಲಿಯದೆದುರಿನ ಸರಣಿಯನ್ನು ಬಿಟ್ಟು, 2008ರಲ್ಲಿ ನಿವೃತ್ತರಾಗುವ ಹೊತ್ತಿಗೆ 619 ಟೆಸ್ಟ್ ವಿಕೆಟ್‌ಗಳನ್ನು ಗಳಿಸಿದ್ದರು. ಎಳೆಯ ವಯಸ್ಸು, ನುರಿತ ವೈದ್ಯರು, ತಿಂಗಳುಗಟ್ಟಲೆ ವಿಶ್ರಾಂತಿಗೆ ಅವಕಾಶ, ಇವೆಲ್ಲ ಅವರಿಗೆ ಒದಗಿಬಂದುವು. ದಿನಗೂಲಿಯ ಕಸುಬಿಗೆ ಈ ಮೂರೂ ಒದಗುವುದು ಕಷ್ಟ. ಆದಕಾರಣ ಅವನಿಗೆ ಬೇಗನೆ ತಿಳಿಯುವುದೊಂದೇ ದೊಡ್ಡ ಆಸರೆ.

ಇಷ್ಟನ್ನು ಓದಿ, ಹರಿದ ಹೆಗಲುಗಳನ್ನೆಲ್ಲ ಕೊಯ್ದು ಹೊಲಿಯಬೇಕೆಂದು ವಾಚಕರು ಭಾವಿಸಬಾರದು. ಪೆಟ್ಟಿಲ್ಲದೆ ಸವೆತದಿಂದಲೇ ಆದ ಪೂರ್ಣ ಹರಕಿನ ರೋಗಿಗಳಿಗೆ ಅಮೆರಿಕದಲ್ಲಿ ಕ್ರಮವಾದ ವ್ಯಾಯಾಮ ಚಿಕಿತ್ಸೆ ಕೊಟ್ಟು ನೋಡಿ, 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಎರಡು ವರ್ಷಗಳ ಕೊನೆಗೆ ನಾಲ್ವರಲ್ಲಿ ಮೂವರು ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲದೆ ಇದ್ದರು. ಉಳಿದ ಸ್ನಾಯುಗಳನ್ನು ಬಲಪಡಿಸಿದರೆ ಅವು ಹಣತೆಯ ಮೇಲಿನ ಹಣ್ಣನ್ನು ಸಾಕಷ್ಟು ಮಟ್ಟಿಗೆ ಹಿಡಿದಿಡಬಲ್ಲುವು. ಆದರೆ ಬಿದ್ದು ಅಥವಾ ಜಗ್ಗಿ, ಅಂದಿನವರೆಗೆ ಏಳುತ್ತಿದ್ದ ಕೈ ಏಳದಂತಾದರೆ ಅದರ ಮಾತೇ ಬೇರೆ. ಅಲ್ಲಿ ಕಾಯುವ ಪ್ರತಿ ತಿಂಗಳೂ ಮೇಲೆ ವಿವರಿಸಿದ ಬದಲಾವಣೆಗಳ ಕಡೆಗೆ ಒಂದು ಹೆಜ್ಜೆ.

ಮನೆಯಲ್ಲಿ ಗಮನಿಸಬಹುದಾದ ಒಂದು ಗುರುತನ್ನು ಇಲ್ಲಿ ಹೇಳಬಹುದು. ಕೀಲು ಬಿಗಿದುಕೊಳ್ಳುವ ರೋಗದಲ್ಲಿ ಕೈಯನ್ನು ರೋಗಿಯೂ ಎತ್ತಲಾರನು, ಇನ್ನೊಬ್ಬರೂ ಎತ್ತಲಾರರು. ರಜ್ಜು ಹರಿದಲ್ಲಿ ರೋಗಿ ತಾನಾಗಿ ಎತ್ತಲಾರನು; ಇನ್ನೊಬ್ಬರು ಮೆಲ್ಲನೆ ಎತ್ತಿದರೆ ಕೈ ಬಹುಮಟ್ಟಿಗೆ ಏಳುತ್ತದೆ. ಇದರಿಂದ ರೋಗ ನಿರ್ಣಯವಾಗದು. ವೈದ್ಯರ ಬಳಿಗೆ ತಡಮಾಡದೆ ಹೋಗಬೇಕೆಂಬ ನಿರ್ಣಯವಾದರೆ ಸಾಕು. ನೋವು ಇಳಿದುದೇ ಗುಣವಾದುದರ ಗುರುತೆಂದು ತಿಳಿಯಬಾರದೆಂಬುದು ಎರಡನೆಯ ಎಚ್ಚರಿಕೆ.

ನಮ್ಮ ನೆರೆಯವರ ಮೇಲೇಣಿನ ಸ್ನಾಯುವಿನಲ್ಲಿ ಮೂರನೆಯ ದರ್ಜೆಯ ಮೇದಸ್ಸು ಕಂಡಿತು. ಹೊಲಿದರೂ ನಿಲ್ಲುವ ಭರವಸೆಯಿಲ್ಲವೆಂದು ವೈದ್ಯರು ಬಿಚ್ಚಿ ಹೇಳಿದರು, ಅವರೂ ಬೇಡವೆಂದರು. ಈಗ ಪ್ರತಿದಿನ ಬೆಳಗ್ಗೆ ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ವ್ಯಾಯಾಮ ಮಾಡುವರು. ಐದು ತಿಂಗಳಲ್ಲಿ ಕೈ ಹೆಗಲಿನ ಮಟ್ಟಕ್ಕೆ ಬಂದಿದೆ. ಗೋಡೆಯ ಮೇಲಿನರ್ಧವನ್ನು ಮಗ ಬಳಿಯುವನು, ಕೆಳಗಿನರ್ಧವನ್ನು ತಂದೆ ಬಳಿಯುವರು. ಬಣ್ಣ ಕಲಸುವುದರಲ್ಲಿ ಈಗಲೂ ಅವರದೇ ಕೈ. ನನ್ನ ಮೇಲೆ ಅವರಿಗೆ ಮುನಿಸಿಲ್ಲ. “ನಿಮಗೇನು ಗೊತ್ತು ಮೇಷ್ಟ್ರೇ, ನೀವು ಪಾಠ ಹೇಳೋರು” ಎಂದು ನಕ್ಕುಬಿಟ್ಟರು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳಿ, ಅಂದೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ದಿದ್ದರೆ, ಗೋಡೆಯ ಮೇಲಿನರ್ಧವೂ ಬಹುಶಃ ಅವರ ಪಾಲಿಗೆ ಉಳಿಯುತ್ತಿತ್ತು.